ಆಗುಂಬೆ ಇಳಿಯುವಾಗ ಸತ್ತ ಬ್ರೇಕ್

ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ಶೃಂಗೇರಿಯಿಂದ ಉಡುಪಿಗೆ ವಾಪಸ್ ಬರುತ್ತಿದ್ದೆವು. ಬೈಕಿನ ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಚೀಲ. ಆಗುಂಬೆ ಘಾಟಿಯಲ್ಲಿ ಮುಂದೊಂದು ಮಿನಿ ಬಸ್ಸು ಸಿಕ್ಕಿತು. ಅದರ ಬೆನ್ನಿಗೇ, ಹಿಂದಿನ ಬ್ರೇಕಿನಿಂದ ಕಾಲು ತೆಗೆಯದೆ ಇಳಿದೆ. ಅರ್ಧ ಘಾಟಿ ಕಳೆದ ಮೇಲೆ ಒಂದು ತಿರುವಿನಲ್ಲಿ ಪೆಡಲ್ ಒತ್ತಿದರೆ ಹಿಡಿತವೇ ಇಲ್ಲ. ಕೊಳೆತ ಹಲಸಿನಹಣ್ಣಿಗೆ ಕಾಲಿಟ್ಟ ಹಾಗೆ ಒಳಗೆ ಹೋಯಿತು. ಮುಂದಿನ ಬ್ರೇಕು, ಒಂದನೇ ಗೇರು ನಂಬಿ ಬದಿಗೆ ನಿಲ್ಲಿಸಿದೆ. ಅರ್ಧ ಗಂಟೆ ಕೂತು ನೋಡಿದರೆ ಪೆಡಲ್ ತಾನಾಗಿಯೇ ಗಟ್ಟಿಯಾಗಿತ್ತು.

ತಣಿದ ಮೇಲೆ ಸರಿಯಾಯಿತು ಎಂದರೆ ಸೋರಿಕೆಯಲ್ಲ, ಕಾಲಿನ ಬಲವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ಒಳಗಿನ ದ್ರವ ಕುದಿದಿದೆ ಎಂದು ಅರ್ಥ. ಬ್ರೇಕ್ ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯದು. ಆಟಿಯ ಮಳೆಗೆ ಭರಣಿಯ ಉಪ್ಪು ನೀರು ಬಿಡುವುದಿಲ್ಲವೇ, ಹಾಗೆ ಇದೂ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬೈಕು ನಿಂತಲ್ಲೇ ಇದ್ದರೂ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕುದಿಯಲು ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರಿನ ಪಾಲು ಶೇ. 3.7 ಆದರೆ 155ಕ್ಕೇ ಕುದಿಯಬಹುದು. ಕುದಿದಾಗ ಆವಿಯ ಗುಳ್ಳೆ ಏಳುತ್ತದೆ, ಕಾಲಿನ ಬಲವೆಲ್ಲ ಆ ಗುಳ್ಳೆ ಹಿಸುಕುವುದರಲ್ಲೇ ಮುಗಿಯುತ್ತದೆ.

ಗ್ಯಾರೇಜಿನಲ್ಲಿ ಪ್ರತಿ ಸಲ "ಲೆವೆಲ್ ಉಂಟಲ್ಲ, ಮತ್ತೆಂತಕ್ಕೆ ಬದಲಿಸುವುದು?" ಎನ್ನುತ್ತಿದ್ದರು, ನಾನೂ ಒಪ್ಪುತ್ತಿದ್ದೆ. ಲೆವೆಲ್ ಹೇಳುವುದು ಎಷ್ಟಿದೆ ಎಂದು ಮಾತ್ರ, ಹೇಗಿದೆ ಎಂದಲ್ಲ. ಮನೆಗೆ ಬಂದು ಬ್ರೇಕ್ ದ್ರವದ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಹಾಲಿಲ್ಲದ ಕಣ್ಣ ಚಾದ ಬಣ್ಣ. ಐದು ವರ್ಷದಿಂದ ಅದೇ ಇತ್ತು.

ಅಂದಿನಿಂದ ನಾನೇ ಬದಲಿಸುತ್ತೇನೆ. ಕಂಪನಿ ಹೇಳುವುದು ಎರಡು ವರ್ಷ. ನಮ್ಮ ಕರಾವಳಿಯ ಹವೆಗೆ ನನ್ನ ಲೆಕ್ಕ ವರ್ಷಕ್ಕೊಮ್ಮೆ, ಆಯುಧಪೂಜೆಗೆ ಬೈಕು ತೊಳೆಯುವ ವಾರ. ಮಳೆಗಾಲದಲ್ಲಿ ಆ ಮುಚ್ಚಳ ತೆಗೆಯುವುದೇ ಬೇಡ. ಮುಚ್ಚಳದ ಮೇಲೆ ಡಾಟ್ 4 ಎಂದಿದ್ದರೆ ಅದನ್ನೇ ಹಾಕಿ. 5.1 ಗ್ಲೈಕಾಲೇ, ಡಾಟ್ 4ರ ಜೊತೆ ಸೇರುತ್ತದೆ. ಬರೀ 5 ಸಿಲಿಕೋನ್, ಅದನ್ನು ಇದರೊಂದಿಗೆ ಬೆರೆಸಲೇಬಾರದು. ಅಂಗಡಿಯಲ್ಲಿ 5ರ ನಂತರದ ಆ ಪಾಯಿಂಟ್ ಒಂದು ಇದೆಯೇ ಎಂದು ಕಣ್ಣಿಟ್ಟು ನೋಡಿ. ದುಬಾರಿ ನಂಬರಿಗಿಂತ ಸೀಲ್ ಒಡೆಯದ ಸಣ್ಣ ಬಾಟಲಿ ಮುಖ್ಯ. ಕಪಾಟಿನಲ್ಲಿ ಅರ್ಧ ಉಳಿದದ್ದನ್ನು ಯಾರು ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ.

ಕೆಲಸಕ್ಕೆ ಬೇಕಾದ್ದು ನಿಪ್ಪಲಿಗೆ (ಚಕ್ರದ ಬ್ರೇಕಿನಿಂದ ಹಳೆ ದ್ರವ ಹೊರಬಿಡುವ ಸಣ್ಣ ತಿರುಪಿಗೆ) ಸರಿಹೊಂದುವ ರಿಂಗ್ ಸ್ಪ್ಯಾನರ್ (ನನ್ನದಕ್ಕೆ 8 ಎಂಎಂ), ಮೀನಿನ ತೊಟ್ಟಿಯ ಪಾರದರ್ಶಕ ಪೈಪು, ಖಾಲಿ ಬಾಟಲಿ. ಪೇಂಟಿನ ಮೇಲೆಲ್ಲ ಒದ್ದೆ ಬಟ್ಟೆ ಹೊದಿಸಿ ಬಕೆಟ್ ನೀರು ಪಕ್ಕದಲ್ಲಿಡುತ್ತೇನೆ. ಹನಿ ಬಿದ್ದರೆ ತಕ್ಷಣ ತೊಳೆಯಬೇಕು, ಪೇಂಟ್ ಎದ್ದುಬರುತ್ತದೆ. ಮುಚ್ಚಳದ ಸ್ಕ್ರೂ ಮೆತ್ತಗಿನದು, ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಅಲ್ಲದಿದ್ದರೆ ತಲೆ ಕಿತ್ತುಹೋಗುತ್ತದೆ.

ಮಗ ಪೆಡಲ್ ಒತ್ತಿ ಹಿಡಿಯುತ್ತಾನೆ, ನಾನು ನಿಪ್ಪಲ್ ಕಾಲು ಸುತ್ತು ಸಡಿಲಿಸುತ್ತೇನೆ, ಬಿಗಿಯುತ್ತೇನೆ, "ಬಿಡು" ಎಂದ ಮೇಲೆಯೇ ಅವನು ಬಿಡುವುದು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಡಬ್ಬಿ ಬರಿದಾದರೂ ಅದೇ ಗತಿ, ಹಿಂದಿನದು ತೀರಾ ಸಣ್ಣದು, ಐದಾರು ಸಲಕ್ಕೊಮ್ಮೆ ತುಂಬಿಸುತ್ತಿರಬೇಕು. ಪೈಪಿನಲ್ಲಿ ಮೊದಲು ಕಪ್ಪು, ಆಮೇಲೆ ಸಾಸಿವೆಯಷ್ಟು ಗುಳ್ಳೆಗಳ ಸಾಲು, ಕೊನೆಗೆ ತಿಳಿಜೇನಿನ ಬಣ್ಣ. ಅಲ್ಲಿಗೆ ಬಿಗಿದು, ಪೆಡಲ್ ಗಟ್ಟಿಯಿದೆಯೇ ನೋಡಿ, ಅಂಗಳದಲ್ಲೇ ನಿಧಾನ ಓಡಿಸಿ ಬ್ರೇಕ್ ಹಿಡಿದು ನೋಡುತ್ತೇನೆ. ಮುಂದಿನ ಚಕ್ರಕ್ಕೂ ಇದೇ ರೀತಿ.

ತೆಗೆದ ದ್ರವವನ್ನು ತೋಟದ ಬುಡಕ್ಕೆ ಚೆಲ್ಲಬೇಡಿ. ಅದು ನೀರಿನಲ್ಲಿ ಪೂರ್ತಿ ಕರಗುತ್ತದೆ, ನಮ್ಮ ಮನೆಗಳ ಬಾವಿ ಹತ್ತು ಹೆಜ್ಜೆಯಲ್ಲೇ ಇರುತ್ತದೆ. ನಾನು ಬೇರೆ ಬಾಟಲಿಯಲ್ಲಿ ಕಟ್ಟಿ, ಹೆಸರು ಬರೆದು, ಹಳೆ ದ್ರವ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಟ್ಟು ಬರುತ್ತೇನೆ.