ಮೊದಲ ದಿನ ಬಣ್ಣವಿಲ್ಲ: ಬದಿಯಡ್ಕದ ಬೋರ್‌ವೆಲ್ ನೀರು ಮತ್ತು ಬಿಳಿ ಕೂದಲು

ಬಣ್ಣ ಹಾಕಿಸಲಿಕ್ಕೆ ಬಂದವರನ್ನು ಮೊದಲ ದಿನ ಬಣ್ಣ ಹಾಕದೆ ವಾಪಸ್ ಕಳಿಸುವ ಪಾರ್ಲರ್ ನನ್ನದು. ಬದಿಯಡ್ಕದಂಥ ಪೇಟೆಯಲ್ಲಿ ಇದು ನಡೆಯುವ ಮಾತಲ್ಲ ಎಂದು ಎಲ್ಲರೂ ಹೇಳಿದ್ದರು. ಕಾಸರಗೋಡಿನಲ್ಲಿ ಪಾರ್ಲರ್ ಇರುವ ಗೆಳತಿ ಹೇಳಿದಳು, ಮಂಗಳೂರಿನಿಂದ ಸಾಮಾನು ತಂದುಕೊಡುವ ಡೀಲರ್ ಹೇಳಿದರು, ಮನೆಯವರೂ ಹೇಳಿದರು. ಈಗ ಮೂರು ವರ್ಷದ ಮೇಲಾಯಿತು, ಚೆನ್ನಾಗಿಯೇ ನಡೆಯುತ್ತಿದೆ. ಪೆರ್ಲ, ನೀರ್ಚಾಲು, ಮುಳ್ಳೇರಿಯದವರು ಬರುತ್ತಾರೆ. ಮಂಗಳೂರಿನಲ್ಲಿ ಮಾಡಿಸುತ್ತಿದ್ದವರೂ ಕೆಲವರು ಈಗ ಬಸ್ಸು ಹತ್ತಿ ಇಲ್ಲಿಗೇ ಬರುತ್ತಾರೆ. ಹೇಗೆ ಮಾಡಿದೆ ಎಂದು ಕೇಳುವವರು ಜಾಸ್ತಿಯಾದ್ದರಿಂದ ಬರೆಯುತ್ತಿದ್ದೇನೆ. ಕೆಲಸ ಗೊತ್ತಿರುವವರಿಗಾಗಿ ಬರೆದದ್ದು. ಸೆಕ್ಷನ್ ತೆಗೆಯುವುದು, ಬ್ರಷ್ ಹಿಡಿಯುವುದು ಇದರಲ್ಲಿ ಇಲ್ಲ.

ತೊಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಹಾಕಿದ ಬಣ್ಣ ಒಂದೂವರೆ ತಿಂಗಳು ಚೆನ್ನಾಗಿರುತ್ತದೆ. ಅದೇ ಟ್ಯೂಬ್, ಅದೇ ಡೆವಲಪರ್ (ಬಣ್ಣಕ್ಕೆ ಕಲಸುವ ಪೆರಾಕ್ಸೈಡ್), ಅದೇ ಕೈ. ಆದರೆ ಮಾರ್ಚ್ ಬಂತೆಂದರೆ ಎರಡೇ ವಾರದಲ್ಲಿ ಬೈತಲೆಯ ಎರಡೂ ಬದಿ ಕೆಂಪು. ಕಿವಿಯ ಮೇಲಿನ ಬಿಳಿ ಕೂದಲಂತೂ ತುಕ್ಕು ಹಿಡಿದ ತಂತಿಯ ಬಣ್ಣಕ್ಕೆ ತಿರುಗುತ್ತದೆ. ಮದುವೆ ಸೀಸನ್ ಕೂಡ ಅದೇ. ಬಂದು ಕನ್ನಡಿ ಮುಂದೆ ಕೂತು "ಎಂತ ಮಾರಾಯ್ತಿ ಇದು" ಎಂದು ಕೇಳುವವರಿಗೆ ಉತ್ತರ ಕೊಡುವುದು ಹೇಗೆ? ದುಡ್ಡು ತೆಗೆದುಕೊಳ್ಳದೆ ಮತ್ತೆ ಹಾಕಿಕೊಡುತ್ತಿದ್ದೆ. ಒಂದು ಬೇಸಿಗೆಯಲ್ಲಿ ಹಾಗೆ ಸುಮ್ನೆ ಹೋದ ಟ್ಯೂಬು, ಡೆವಲಪರ್, ಹುಡುಗಿಯರ ಸಂಬಳ ಎಲ್ಲ ಸೇರಿಸಿದರೆ ಇಪ್ಪತ್ತು ಸಾವಿರದ ಹತ್ತಿರ ಆಗಿತ್ತು. ನಮ್ಮ ಮಟ್ಟಿಗೆ ಅದು ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ.

ಡೀಲರ್ ಹತ್ತಿರ ಕೇಳಿದರೆ, ಬೇರೆ ಕಡೆ ತಗೊಂಡಿದ್ದೀರಿ, ನಕಲಿ ಮಾಲು ಅಂದರು. ಟ್ಯೂಬು ಅವರದ್ದೇ. ಗೆಳತಿ ಇನ್ನೂ ಬಲವಾದ 30 ವಾಲ್ಯೂಮ್ ಡೆವಲಪರ್ ಹಾಕಿ ನೋಡು ಅಂದಳು. ಹಾಕಿದೆ. ಬಿಳಿ ಕೂದಲು ಹಿಡಿಯಲಿಲ್ಲ, ಪಕ್ಕದ ಕಪ್ಪು ಕೂದಲಿನ ಬಣ್ಣ ಮಾತ್ರ ತಿಳಿಯಾಗಿ ಇನ್ನಷ್ಟು ಕೆಂಪಾಯಿತು. ಬಣ್ಣದ ಅಳತೆಯಲ್ಲಿ 1 ಎಂದರೆ ಕಡುಕಪ್ಪು, ಅಂಕಿ ಏರಿದಂತೆ ಬಣ್ಣ ತಿಳಿ. ನಮ್ಮವರ ಕೂದಲು ಹುಟ್ಟಿನಿಂದ 2, ಹೆಚ್ಚೆಂದರೆ 3. ಅದರೊಳಗೆ ಇರುವುದೇ ಕೆಂಪು. 30 ವಾಲ್ಯೂಮ್, ಅಂದರೆ 9 ಶೇಕಡಾ ಪೆರಾಕ್ಸೈಡ್ ಹಾಕಿದರೆ ಮೊದಲು ಹೊರಗೆ ಬರುವುದು ಅದೇ. ಬಿಳಿ ಮುಚ್ಚಲಿಕ್ಕೆ 20 ವಾಲ್ಯೂಮ್ ಸಾಕು. ಅದಕ್ಕಿಂತ ಮೇಲೆ ಹೋಗಬೇಡಿ. ದುಬಾರಿ ಕಂಪೆನಿಗೂ ಬದಲಾಯಿಸಿ ನೋಡಿದೆ. ಟ್ಯೂಬಿಗೆ ಇನ್ನೂರು ರೂಪಾಯಿಯಷ್ಟು ಜಾಸ್ತಿ ಬಿತ್ತು, ಕೆಂಪು ಅಷ್ಟೇ ಬಂತು.

ದಾರಿ ತೋರಿಸಿದ್ದು ಗಲ್ಫಿನವರು. ದುಬೈನಿಂದ ರಜೆಗೆ ಬರುವವರು ಎರಡು ಮೂರು ಜನ ಒಂದೇ ಮಾತು ಹೇಳಿದರು: ಅಲ್ಲಿ ಹಾಕಿಸಿದ್ದು ಅಲ್ಲಿರುವಷ್ಟು ದಿನ ಸರಿ ಇರುತ್ತದೆ, ಊರಿಗೆ ಬಂದು ನಾಲ್ಕು ಸಲ ತಲೆಗೆ ಸ್ನಾನ ಮಾಡಿದರೆ ಕೆಂಪಾಗುತ್ತದೆ. ಅಲ್ಲಿ ಸಮುದ್ರದ ನೀರನ್ನು ಶುದ್ಧ ಮಾಡಿ ನಲ್ಲಿಗೆ ಬಿಡುತ್ತಾರೆ. ಇಲ್ಲಿ ಬೇಸಿಗೆಯಲ್ಲಿ ಬಾವಿ ಬತ್ತಿದ ಮೇಲೆ ಎಲ್ಲರಿಗೂ ಬೋರ್‌ವೆಲ್ಲೇ ಗತಿ. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ಕಬ್ಬಿಣ ಇಲ್ಲದೆ ಇರುತ್ತದಾ? ಪಂಪು ಬಿಟ್ಟಾಗ ನೀರು ಕನ್ನಡಿಯ ಹಾಗೆ ಬರುತ್ತದೆ. ಬಕೆಟಿನಲ್ಲಿ ಒಂದೆರಡು ಗಂಟೆ ಬಿಟ್ಟರೆ ಮೇಲೆ ಎಣ್ಣೆಯಂಥ ತೆಳು ಪೊರೆ, ಆಮೇಲೆ ಅಡಿಯಲ್ಲಿ ಕೆಂಪು ಮಡ್ಡಿ. ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೆ ಕಲೆ ಕೂರುತ್ತದೆ ಎನ್ನುತ್ತಾರೆ. ಬಿಳಿ ಬಟ್ಟೆಗೆ ಕೂರುವುದು ಬಿಳಿ ಕೂದಲಿಗೆ ಕೂರುವುದಿಲ್ಲವೇ?

ನೀರು ಪರೀಕ್ಷೆ ಮಾಡಲಿಕ್ಕೆ ಆನ್‌ಲೈನಿನಲ್ಲಿ ಟಿಡಿಎಸ್ ಮೀಟರ್ ತರಿಸಿದೆ, ಮುನ್ನೂರು ರೂಪಾಯಿ ಚಿಲ್ಲರೆ. ಅದರಿಂದ ಪ್ರಯೋಜನ ಆಗಲಿಲ್ಲ. ಒಟ್ಟು ಕರಗಿದ್ದು ಎಷ್ಟು ಎಂದು ಅದು ಹೇಳುತ್ತದೆ, ಕಬ್ಬಿಣ ಎಷ್ಟು ಎಂದು ಹೇಳುವುದಿಲ್ಲ. ಪೇರಳೆ (ಸೀಬೆ) ಸೊಪ್ಪು ಸಾಕು. ನಾಲ್ಕೈದು ಎಲೆ ಜಜ್ಜಿ ಒಂದು ಲೋಟ ನೀರಿಗೆ ಹಾಕಿ. ಕಬ್ಬಿಣ ಇದ್ದರೆ ನೀರು ನೇರಳೆಗಪ್ಪಾಗುತ್ತದೆ. ನಮ್ಮ ಬೋರ್‌ವೆಲ್ ನೀರು ಶಾಯಿಯ ಹಾಗೆ ಆಯಿತು. ಬಾವಿ ನೀರು ಸ್ವಲ್ಪ ಮಬ್ಬಾಯಿತು. ನೀರ್ಚಾಲು ಕಡೆಯ ಒಬ್ಬ ಅಕ್ಕ ಅವರ ತೋಟದ ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ, ನೀರು ತಂದುಕೊಟ್ಟಿದ್ದರು. ಅದರಲ್ಲಿ ಎಲೆಯ ಹಸಿರು ಬಿಟ್ಟರೆ ಏನೂ ಬರಲಿಲ್ಲ.

ಆಮೇಲೆ ಬಿಳಿ ಕೂದಲಿನ ಗೊಂಚಲು ಕಟ್ಟಿದೆ. ಹೇರ್‌ಕಟ್ ಮಾಡಿದಾಗ ಬಿದ್ದ, ಡೈ ಕಾಣದ ಕೂದಲು. ದಾರ ಸುತ್ತಿ, ಎಲ್ಲದಕ್ಕೂ ಒಂದೇ ಬೌಲಿನಿಂದ ಬಣ್ಣ ಹಚ್ಚಿ, ಬೇರೆ ಬೇರೆ ನೀರಿನಲ್ಲಿ ತೊಳೆದು ಕಿಟಕಿಗೆ ತೂಗುಹಾಕಿದೆ. ದಿನಾ ಅದದೇ ನೀರಿನಲ್ಲಿ ಅದ್ದಿ ತೆಗೆಯುವುದು. ವಾರ ಕಳೆಯುವುದರೊಳಗೆ ಬೋರ್‌ವೆಲ್ಲಿನ ಗೊಂಚಲು ಹೊಳಪು ಕಳೆದುಕೊಂಡು ಕೆಂಪಾಯಿತು. ಸುರಂಗದ್ದು ಹಾಕಿದ ದಿನದ ಹಾಗೇ ಇತ್ತು. ಇನ್ನೊಂದು ಗೊಂಚಲನ್ನು ಬಣ್ಣ ಹಚ್ಚುವ ಮೊದಲೇ ಬೋರ್‌ವೆಲ್ ನೀರಿನಲ್ಲಿ ಕೆಲವು ದಿನ ನೆನೆಸಿಟ್ಟಿದ್ದೆ. ಅದರಲ್ಲಿ ಬಣ್ಣ ಕೂತದ್ದೇ ಪಟ್ಟೆ ಪಟ್ಟೆಯಾಗಿ. ನನಗೆ ಬೇಕಾದ ಉತ್ತರ ಅಲ್ಲಿತ್ತು. ಕೂದಲಲ್ಲಿ ಮೊದಲೇ ಲೋಹ ಇದ್ದರೆ ಪೆರಾಕ್ಸೈಡ್ ತನ್ನ ಕೆಲಸ ಮಾಡುವ ಮೊದಲೇ ಒಡೆದು ಹೋಗುತ್ತದೆ. ಹಾಗಾಗಿ ಬಣ್ಣ ಆದ ಮೇಲೆ ತೊಳೆಯುವ ನೀರನ್ನು ಮಾತ್ರ ಬದಲಾಯಿಸಿದರೆ ಸಾಲದು. ಬಣ್ಣಕ್ಕಿಂತ ಮೊದಲು ಕೂದಲಿನ ಕಬ್ಬಿಣ ತೆಗೆಯಬೇಕು.

ಈಗ ನಾನು ಮಾಡುವುದು ಹೀಗೆ.

ಮೊದಲ ದಿನ ತಲೆ ತೊಳೆಯುವುದು ಮಾತ್ರ. ನಮ್ಮವರ ತಲೆಯಲ್ಲಿ ವರ್ಷಗಟ್ಟಲೆಯ ತೆಂಗಿನೆಣ್ಣೆ ಇರುತ್ತದೆ, ಅದಕ್ಕೆ ಸಾಧಾರಣ ಶಾಂಪೂ ಒಂದು ಸಲ. ನಂತರ ಇಡಿಟಿಎ ಇರುವ ಚೀಲೇಟಿಂಗ್ ಶಾಂಪೂ, ಅಂದರೆ ಲೋಹವನ್ನು ಹಿಡಿದು ತೆಗೆಯುವಂಥದ್ದು. ಬಾಟಲಿಗೆ ಸಾವಿರದ ಮೇಲಾಗುತ್ತದೆ, ಆದರೆ ಒಂದು ತಲೆಗೆ ಬೇಕಾಗುವುದು ಸ್ವಲ್ಪವೇ. ನೊರೆ ಮಾಡಿ, ಕ್ಯಾಪ್ ಹಾಕಿ, ಇಪ್ಪತ್ತು ನಿಮಿಷ ಬಿಡುತ್ತೇನೆ. ತುಂಬಾ ಕೆಂಪು ಕೂತ ಕೂದಲಾದರೆ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಅದಕ್ಕೆ ಸೇರಿಸುತ್ತೇನೆ. ಹಳೆಯ ಬಣ್ಣ ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಆಮೇಲೆ ಇನ್ನೊಂದು ಸಲ ತೊಳೆಯುವ ಮೊದಲು ಹಚ್ಚುವುದೊಂದಿದೆ, ಅಡುಗೆಮನೆಯದ್ದೇ. ಅದನ್ನು ಮಾತ್ರ ಹೇಳುವುದಿಲ್ಲ. ಅದಿಲ್ಲದೆಯೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಕೊನೆಗೆ ಸುರಂಗದ ನೀರು. ಉದ್ದ ಕೂದಲಾದರೂ ಏಳೆಂಟು ಲೀಟರ್ ಸಾಕು. ಮೊದಲ ತೊಳೆತಗಳೆಲ್ಲ ನಲ್ಲಿಯಲ್ಲೇ, ಕೊನೆಯದ್ದು ಮಾತ್ರ ಇದರಲ್ಲಿ.

ಅದೇ ದಿನ ಕಿವಿಯ ಹಿಂದೆ ಪ್ಯಾಚ್ ಟೆಸ್ಟ್, ಅಂದರೆ ಅಲರ್ಜಿ ಇದೆಯಾ ಎಂದು ಬಣ್ಣ ಸ್ವಲ್ಪ ಹಚ್ಚಿ ನೋಡುವುದು. ಎಲ್ಲ ಕಂಪೆನಿಯವರೂ 48 ಗಂಟೆ ಎನ್ನುತ್ತಾರೆ, ನಮ್ಮಲ್ಲಿ ಮಾಡುವವರು ಎಷ್ಟು ಜನ? ಎರಡು ಸಲ ಬರುವುದು ಹೇಗೂ ಇದೆ ಎಂದ ಮೇಲೆ ಈ 48 ಗಂಟೆ ತಾನಾಗಿ ಸಿಗುತ್ತದೆ. ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಹೇರ್ ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕವನ್ನು ಅಮೆರಿಕದ ಚರ್ಮರೋಗ ತಜ್ಞರ ಸಂಘವೊಂದು 2006ರ ಸಾಲಿನ ಅಲರ್ಜಿಕಾರಕ ಎಂದು ಎತ್ತಿ ಹೇಳಿತ್ತು. ನಮ್ಮ ಕಡೆ ಮದುವೆ ಮನೆಗಳಲ್ಲಿ ಕೈಗೆ ಹಾಕುವ ಕಪ್ಪು ಕೋನ್ ಇದೆಯಲ್ಲ, ಎಷ್ಟೋ ಸಲ ಅದರಲ್ಲಿರುವುದೂ ಅದೇ ಪಿಪಿಡಿ. ಒಮ್ಮೆ ಕೈ ಗುಳ್ಳೆ ಎದ್ದಿದ್ದರೆ ತಲೆಗೆ ಟ್ಯೂಬ್ ಮುಟ್ಟಿಸಲೇ ಬಾರದು. ಹಾಗಾಗಿ "ಮೆಹೆಂದಿ ಹಾಕಿ ಯಾವತ್ತಾದರೂ ತುರಿಸಿದ್ದುಂಟಾ ಅಕ್ಕಾ" ಎಂದು ಎಲ್ಲರಲ್ಲೂ ಕೇಳುತ್ತೇನೆ. ಒಬ್ಬರು ಇಲ್ಲ ಎಂದಿದ್ದರು. ಮಾರನೇ ದಿನ ಕಿವಿಯ ಹಿಂದೆ ಕೆಂಪಗೆ ಊದಿ ನೀರು ಗುಳ್ಳೆ. ಬಣ್ಣ ಪೂರ್ತಿ ತಲೆಗೆ ಬಿದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ದುಡ್ಡು ವಾಪಸ್ ಕೊಟ್ಟು ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಅವರೀಗ ಬರೀ ಮದರಂಗಿ ಹಚ್ಚಿ, ಅದರ ಮೇಲೆ ಇಂಡಿಗೋ (ನೀಲಿ ಗಿಡದ ಎಲೆಯ ಪುಡಿ) ಹಾಕಿಸಿಕೊಳ್ಳುತ್ತಾರೆ. ಇಂಡಿಗೋ ಕಲಸಿ ಹದಿನೈದು ನಿಮಿಷದೊಳಗೆ ಹಚ್ಚಿಬಿಡಬೇಕು, ಚಿಟಿಕೆ ಉಪ್ಪು ಹಾಕಿ. ಹಸಿರು ಕಂಡರೆ ಹೆದರಬೇಡಿ, ಎರಡು ದಿನದಲ್ಲಿ ಕಪ್ಪಾಗುತ್ತದೆ.

ಮದರಂಗಿಯ ಮಾತು ಬಂತಲ್ಲ. "ನಾನು ನ್ಯಾಚುರಲ್ ಮಾತ್ರ ಹಾಕುವುದು" ಎನ್ನುವವರ ಕೂದಲೇ ನನಗೆ ಹೆಚ್ಚು ಭಯ. ಮದರಂಗಿ ಪುಡಿ, ನೆಲ್ಲಿಕಾಯಿ ಪುಡಿ, ಚಹಾದ ಡಿಕಾಕ್ಷನ್, ಎಲ್ಲ ಸೇರಿಸಿ ರಾತ್ರಿಯಿಡೀ ಕಬ್ಬಿಣದ ಬಾಣಲೆಯಲ್ಲಿ ನೆನೆಸಿಡುತ್ತಾರೆ. ಬೆಳಿಗ್ಗೆ ಕಪ್ಪಾಗುವುದು ಬಾಣಲೆಯ ಕಬ್ಬಿಣಕ್ಕೆ ಚಹಾ, ನೆಲ್ಲಿಕಾಯಿಯ ಚೊಗರು ಸೇರಿ. ಅದನ್ನೇ ತಲೆಗೆ ಹಚ್ಚುವುದು. ಹೀಗೆ ವರ್ಷಗಟ್ಟಲೆ ಮಾಡಿದವರಿಗೆ, ಹರ್ಬಲ್ ಎಂದು ಬರೆದ ಕಪ್ಪು ಪುಡಿ ಹಾಕಿದವರಿಗೆ, ಮೊದಲ ದಿನವೇ ನಾಲ್ಕು ಕೂದಲು ಕತ್ತರಿಸಿ ಟೆಸ್ಟ್ ಮಾಡುತ್ತೇನೆ. ಗಾಜಿನ ಬೌಲಿನಲ್ಲಿ 30 ಮಿ.ಲೀ. 20 ವಾಲ್ಯೂಮ್, ಅದಕ್ಕೆ 20 ಹನಿ ಅಮೋನಿಯಾ. ಕೂದಲು ಅದರಲ್ಲಿ ಅರ್ಧ ಗಂಟೆ. ಸುಮ್ಮನಿದ್ದರೆ ಸರಿ. ಸೂಜಿಮೊನೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಏಳಲು ಶುರುವಾದರೆ, ಬೌಲಿನ ಅಡಿ ಕೈಗೆ ಬೆಚ್ಚಗೆ ತಾಗಿದರೆ, ಆ ತಲೆಗೆ ಟ್ಯೂಬ್ ಇಲ್ಲ, ಬ್ಲೀಚಂತೂ ಇಲ್ಲವೇ ಇಲ್ಲ. ಎಷ್ಟು ದುಡ್ಡು ಕೊಡುತ್ತೇನೆ ಎಂದರೂ ಇಲ್ಲ. ಕೂದಲು ಬೆಳೆಯಲಿ, ಹಳೆಯದನ್ನು ಸ್ವಲ್ಪ ಸ್ವಲ್ಪ ಕತ್ತರಿಸುತ್ತಾ ಹೋಗೋಣ ಎನ್ನುತ್ತೇನೆ. ಮೂರು ನಾಲ್ಕು ಜನ ಸಿಟ್ಟಿನಿಂದ ಎದ್ದು ಹೋದರು. ಅವರಲ್ಲಿ ಒಬ್ಬರು ಬೇರೆ ಕಡೆ ಹೈಲೈಟ್ ಮಾಡಿಸಿ, ಫಾಯಿಲ್ ಒಳಗೆ ಸುಟ್ಟು ತುಂಡಾದ ಕೂದಲು ಹಿಡಿದುಕೊಂಡು ವಾಪಸ್ ಬಂದರು.

ನಡುವಿನ ಈ 48 ಗಂಟೆಯೇ ಕಷ್ಟ. ತಲೆಗೆ ನೀರು ಬೀಳಬಾರದು, ಎಣ್ಣೆಯೂ ಬೇಡ. ದಿನಾ ತಲೆಗೆ ಸ್ನಾನ ಮಾಡುವ ಊರು ನಮ್ಮದು. ಮನೆಯಲ್ಲಿ ಪೂಜೆ, ಶ್ರಾದ್ಧ ಏನಾದರೂ ಇದ್ದರೆ ಸ್ನಾನ ಆಗಲೇಬೇಕು. ಅದಕ್ಕೇ ದಿನ ಕೊಡುವಾಗಲೇ ಪಂಚಾಂಗ ನೋಡಿ ಕೊಡುತ್ತೇನೆ. ಹತ್ತು ರೂಪಾಯಿಯ ಶವರ್ ಕ್ಯಾಪ್ ನಾನೇ ಕೊಟ್ಟು ಕಳಿಸುತ್ತೇನೆ.

ಮೂರನೇ ದಿನ ಬಣ್ಣ. ಕಡುಕಪ್ಪು, ಅಂದರೆ 1, ನಾನು ಹಾಕುವುದೇ ಇಲ್ಲ. ಒಂದು ಸಲ ಕೂತರೆ ಟ್ಯೂಬಿನಿಂದ ತೆಗೆಯಲಾಗುವುದಿಲ್ಲ, ಹೊಸ ಬಣ್ಣ ಹಳೆಯ ಬಣ್ಣವನ್ನು ತಿಳಿ ಮಾಡುವುದಿಲ್ಲ. ಅರ್ಧದಷ್ಟು ಬಿಳಿ ಇದ್ದರೆ 4 ನ್ಯಾಚುರಲ್ (ಬೇರೆ ಛಾಯೆ ಬೆರೆಸದ ಕಂದು) ಅರ್ಧ, ಬೇಕಾದ ಶೇಡ್ ಅರ್ಧ. ಅದಕ್ಕಿಂತ ಜಾಸ್ತಿ ಬಿಳಿ ಇದ್ದರೆ ನ್ಯಾಚುರಲ್ ಪಾಲು ಹೆಚ್ಚು. ಶೇಡ್ ಆರಿಸುವಾಗ ಆ್ಯಶ್ (ಬೂದು ಛಾಯೆ) ಕಡೆಗೆ ವಾಲಿಸಿ, ಗೋಲ್ಡನ್, ಕಾಪರ್ ಬೇಡ. ನಮ್ಮ ನೀರಿನ ಕೆಂಪೇ ಸಾಕಷ್ಟಿದೆ. ಕಿವಿಯ ಮೇಲೆ, ಹಣೆಯ ಅಂಚಿನಲ್ಲಿ ಮೊದಲು ಹಚ್ಚುತ್ತೇನೆ, ಹಟಮಾರಿ ಕೂದಲು ಅಲ್ಲೇ ಇರುವುದು. ಬಗ್ಗದ ಕೂದಲಿಗೆ ಬರೀ 20 ವಾಲ್ಯೂಮ್ ಹತ್ತು ನಿಮಿಷ ಮೊದಲೇ ಹಚ್ಚಿ ಒರೆಸುತ್ತೇನೆ. ಬಣ್ಣ ಪೂರ್ತಿ 45 ನಿಮಿಷ ಬಿಡಿ. ಗಿರಾಕಿಗೆ ಬಸ್ಸಿಗೆ ಹೊತ್ತಾಯಿತೆಂದು 30ಕ್ಕೇ ತೊಳೆದರೆ ಉಳಿದದ್ದೆಲ್ಲ ಮಾಡಿದ್ದೂ ದಂಡ. ಬಣ್ಣವನ್ನು ಪ್ರತಿ ಸಲ ತುದಿವರೆಗೆ ಎಳೆಯುವ ಅಭ್ಯಾಸ ಬಿಡಿ. ಕೂದಲು ಒಣಗಿ, ತುದಿ ಕಪ್ಪು ಬೇರು ಕಂದು ಆಗುವುದು ಅದರಿಂದಲೇ. ಬೇಕೆಂದರೆ ಕೊನೆಯ ಐದು ನಿಮಿಷ, 10 ವಾಲ್ಯೂಮಿನಲ್ಲಿ ಕಲಸಿ.

ಇನ್ನು ದುಡ್ಡು. ಮೊದಲು ಬೇರಿಗೆ ಬಣ್ಣ ಹಾಕಲಿಕ್ಕೆ ಏಳುನೂರು ತೆಗೆದುಕೊಳ್ಳುತ್ತಿದ್ದೆ. ಈಗ ಮೊದಲ ದಿನಕ್ಕೆ ಇನ್ನೂರೈವತ್ತು, ಬಣ್ಣಕ್ಕೆ ಎಂಟುನೂರು. ಶುರುವಿನಲ್ಲಿ ಒಬ್ಬರು "ನಾನು ಬಂದದ್ದು ಬಣ್ಣ ಹಾಕಿಸಲಿಕ್ಕೆ, ತಲೆ ತೊಳೆಸಿಕೊಳ್ಳಲಿಕ್ಕೆ ಅಲ್ಲ ಮಾರಾಯ್ತಿ" ಎಂದು ಎಲ್ಲರ ಮುಂದೆ ಜೋರು ಮಾಡಿದರು. ಮೊದಲ ಎರಡು ತಿಂಗಳು ಗಿರಾಕಿಗಳು ಅರ್ಧಕ್ಕೆ ಇಳಿದದ್ದೂ ಹೌದು. ಆದರೆ ವಿಷು ಕಳೆದ ಮೇಲೂ ಬಣ್ಣ ಕೆಂಪಾಗದೆ ಉಳಿದಾಗ ಆ ಜೋರು ಮಾಡಿದವರೇ ತಂಗಿಯನ್ನೂ ಅತ್ತಿಗೆಯನ್ನೂ ಕರೆದುಕೊಂಡು ಬಂದರು. ಪುಕ್ಕಟೆ ಮತ್ತೆ ಹಾಕಿಕೊಡುವ ಖರ್ಚು ಈಗ ಹೆಚ್ಚುಕಡಿಮೆ ಇಲ್ಲ. ಪಾರ್ಲರಿಗೆ ದೊಡ್ಡ ಕಬ್ಬಿಣದ ಫಿಲ್ಟರ್ ಕೂರಿಸಲು ನಲವತ್ತು ಸಾವಿರ ಹೇಳಿದ್ದರು, ಬೇಡ ಎಂದೆ. ನೀರ್ಚಾಲಿನ ಅಕ್ಕ ವಾರಕ್ಕೆರಡು ಸಲ ಸುರಂಗದ ನೀರು ಕ್ಯಾನಿನಲ್ಲಿ ತುಂಬಿಸಿ ಮಗನ ಜೀಪಿನಲ್ಲಿ ಕಳಿಸುತ್ತಾರೆ. ದುಡ್ಡು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಅವರ ಮನೆಯ ಹೆಂಗಸರ ಐಬ್ರೋ, ಹೇರ್‌ಕಟ್ ಎಲ್ಲ ನನ್ನ ಲೆಕ್ಕ.

ಮನೆಗೆ ಹೋದ ಮೇಲೆ ಏನು ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಎರಡು ದಿನ ಶಾಂಪೂ ಬೇಡ. ಬೋರ್‌ವೆಲ್ ನೀರೇ ಗತಿಯಾದರೆ ರಾತ್ರಿ ಹಂಡೆಯಲ್ಲಿ ತುಂಬಿಸಿಟ್ಟು, ಮಡ್ಡಿ ಕೂತ ಮೇಲೆ ಮೇಲಿನ ನೀರು ಮಾತ್ರ ತೆಗೆಯಿರಿ. ಸ್ನಾನಕ್ಕೆ ಮೊದಲು ಸ್ವಲ್ಪ ತೆಂಗಿನೆಣ್ಣೆ ಇರಲಿ, ಬೇಡ ಎನ್ನುವವರ ಮಾತು ಕೇಳಬೇಡಿ. ಎಣ್ಣೆ ಕೂದಲೊಳಗೆ ಇಳಿದು ಕೂದಲು ಸವೆಯದಂತೆ ಕಾಯುತ್ತದೆ. ತೊಳೆಯಲಿಕ್ಕೆ ದಾಸವಾಳ ಸೊಪ್ಪಿನ ಗೊಂಪು (ಕಿವುಚಿದ ಲೋಳೆ) ಒಳ್ಳೆಯದು. ಸೋಪು ಮಾತ್ರ ತಲೆಗೆ ಹಾಕಲೇಬೇಡಿ.

ನಡುವೆ ಅಡಿಕೆ ಚೊಗರಿನಲ್ಲೂ, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸದಲ್ಲೂ ಕೈಯಾಡಿಸಿದೆ. ನಮ್ಮಲ್ಲಿ ಅಡಿಕೆಯನ್ನು ಬಿಸಿಲಿಗೆ ಒಣಗಿಸಿ ಚಾಲಿ ಮಾಡುವುದು, ಬೇಯಿಸುವ ಕ್ರಮ ಇಲ್ಲ. ಸಾಗರ ಕಡೆಯ ನೆಂಟರು ಒಂದು ಬಾಟಲಿ ತಂದಿದ್ದರು. ಬಿಳಿ ಗೊಂಚಲಿಗೆ ಹಚ್ಚಿದರೆ ಚೆಂದದ ಕೆಂಗಂದು ಬಂತು, ಎರಡು ಮೂರು ತೊಳೆತಕ್ಕೆ ಹೋಯಿತು. ಬೋರ್‌ವೆಲ್ ನೀರಿನಲ್ಲಿ ಅದ್ದಿದರೆ ಬೂದಿಗಪ್ಪು ಹಿಡಿದು ನಿಂತಿತು. ಬಣ್ಣ ನಿಲ್ಲುವುದು ಕಬ್ಬಿಣದಿಂದ ಎಂದ ಮೇಲೆ ಗಿರಾಕಿಗಳ ತಲೆಗೆ ಹಾಕುವುದಿಲ್ಲ ಎಂದು ಅಲ್ಲಿಗೇ ಬಿಟ್ಟೆ.

ಬ್ಲೀಚ್ ಹಾಕಿ ಮಾಡುವ ಹೈಲೈಟ್ ಕೆಲಸ ಜೂನಿನಿಂದ ನವೆಂಬರ್‌ವರೆಗೆ ಮಾತ್ರ ಹಿಡಿಯುತ್ತೇನೆ. ಹಳದಿವರೆಗೆ ಎತ್ತಿದ ಕೂದಲಿಗೆ ಬೇಸಿಗೆಯ ಬೋರ್‌ವೆಲ್ ನೀರು ಒಂದೇ ವಾರದಲ್ಲಿ ಕಿತ್ತಳೆ ಬಳಿಯುತ್ತದೆ, ಛಾಯೆ ಸರಿಮಾಡುವ ಟೋನರ್ ಅದನ್ನು ತಡೆಯುವುದಿಲ್ಲ. ಮಳೆಗಾಲದಲ್ಲಿ ಹಂಚಿನ ಮಾಡಿನ (ಛಾವಣಿಯ) ನೀರನ್ನೇ ಡ್ರಮ್ಮಿನಲ್ಲಿ ಹಿಡಿದು ಬಳಸಬಹುದು. ಮೊದಲ ನಾಲ್ಕೈದು ಮಳೆಯ ನೀರು ಬಿಡಿ, ಮಾಡು ತೊಳೆದು ಬರುವ ಕಸ ಅದರಲ್ಲಿರುತ್ತದೆ. ತಗಡಿನ ಮಾಡಾಗಿದ್ದು ತುಕ್ಕು ಹಿಡಿದಿದ್ದರೆ ಆ ನೀರೂ ಬೇಡ, ಪೇರಳೆ ಸೊಪ್ಪು ಹಾಕಿ ನೋಡಿಯೇ ಬಳಸಿ.