ಬೀಗರೂಟ, ಹುಣಸೆ ಬೀಜ ಮತ್ತು ಒಂದು ರಟ್ಟಿನ ಡಬ್ಬ

ಮಂಡ್ಯ ಕಡೆ ಮದುವೆ ಮಾಡಿ ಮುಗಿಸಿದ ಮನೆಯವರನ್ನು ಕೇಳಿ ನೋಡಿ. ಧಾರೆಗಿಂತ ಬೀಗರೂಟದ ಖರ್ಚೇ ಜಾಸ್ತಿ ಆಯ್ತು ಅಂತಾರೆ. ಕುರಿ, ಅಡುಗೆಯವರು, ಶಾಮಿಯಾನ, ಊರೂರು ಸುತ್ತಿ ಕರೆಯೋದು, ಎಲ್ಲ ಲೆಕ್ಕ ಹೇಳಿದ ಮೇಲೆ ಕೊನೆಗೆ ಬರೋ ಮಾತು ಮಾತ್ರ ಎಲ್ಲರದೂ ಒಂದೇ. "ನಮಗೇನು ಇಷ್ಟು ದೊಡ್ಡದಾಗಿ ಮಾಡೋ ಆಸೆ ಇರಲಿಲ್ಲ. ಮಾಡದಿದ್ದರೆ ನಾಲ್ಕು ಜನ ಏನಂತಾರೆ?" ಆ ನಾಲ್ಕು ಜನರ ಮನೆಗೆ ಹೋದರೆ ಅವರೂ ಇದನ್ನೇ ಹೇಳ್ತಾರೆ. ಹಾಗಾದರೆ ದೊಡ್ಡ ಊಟ ನಿಜವಾಗಿ ಯಾರಿಗೆ ಬೇಕು? ನಾನು ಸಾಮಾಜಿಕ ಮನೋವಿಜ್ಞಾನದ ಅಧ್ಯಯನ ಅಂತ ಮಾಡಿದ್ದು ಈ ಒಂದು ಪ್ರಶ್ನೆ ಹಿಡಿದುಕೊಂಡು. ಹೇಗೆ ಮಾಡಿದೆ ಅಂತ ವಿವರವಾಗಿ ಬರೆಯುತ್ತೇನೆ. ಈ ವಿಷಯ ಓದುವ ಹುಡುಗ ಹುಡುಗಿಯರಿಗೆ ಪಠ್ಯಪುಸ್ತಕದಲ್ಲಿ ಸಿಗದೇ ಇರೋದು ಇದೇ ಭಾಗ.

ನಾನು ಓದಿದ್ದು ಮಾನಸಗಂಗೋತ್ರಿಯಲ್ಲಿ, ಈಗ ಪಾಠ ಮಾಡೋದು ಮಂಡ್ಯದಲ್ಲಿ. ನಮ್ಮ ವಿದ್ಯಾರ್ಥಿಗಳಲ್ಲಿ ಸುಮಾರು ಜನ ಈ ಶಾಸ್ತ್ರ ಪೂರ್ತಿ ಅಮೆರಿಕದ್ದು ಅಂದುಕೊಂಡಿರುತ್ತಾರೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾಗಿದ್ದು 1924ರಲ್ಲಿ. ಲಂಡನ್‌ನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಹತ್ತಿರ ಓದಿ ಬಂದಿದ್ದ ಎಂ. ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಅನ್ನೋ ಹೆಸರಿನ ರೇಡಿಯೊ ಪ್ರಸಾರ ಶುರು ಮಾಡಿದವರೂ ಇವರೇ. ಅದೇ 1924ರಲ್ಲಿ ಅಮೆರಿಕದ ಫ್ಲಾಯ್ಡ್ ಆಲ್‌ಪೋರ್ಟ್ ಸಾಮಾಜಿಕ ಮನೋವಿಜ್ಞಾನಕ್ಕೆ ಒಂದು ದೊಡ್ಡ ಪಠ್ಯಪುಸ್ತಕ ಬರೆದರು. 1934ರ ಬಿಹಾರ ಭೂಕಂಪ ಆದಮೇಲೆ ಜನರ ಬಾಯಲ್ಲಿ ಹರಡಿದ ವದಂತಿಗಳನ್ನು ಜಮುನಾ ಪ್ರಸಾದ್ ಕೂಡಿಟ್ಟು ಅಧ್ಯಯನ ಮಾಡಿದ್ದರು. ಅಮೆರಿಕದ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಿದ್ಧಾಂತಕ್ಕೆ (ಕಾಗ್ನಿಟಿವ್ ಡಿಸೊನೆನ್ಸ್, ಅಂದರೆ ಒಂದಕ್ಕೊಂದು ಹೊಂದದ ವಿಚಾರಗಳು ಮನಸ್ಸಿನಲ್ಲಿ ಹುಟ್ಟಿಸುವ ಇರುಸುಮುರುಸು) ಮೊದಲ ಎಳೆ ಸಿಕ್ಕಿದ್ದು ಆ ವದಂತಿಗಳಲ್ಲಿ. ಇದನ್ನು ನಾನು ಪ್ರತಿ ವರ್ಷ ಮೊದಲ ತರಗತಿಯಲ್ಲೇ ಹೇಳುತ್ತೇನೆ. ನಮ್ಮ ಊರಿನ ಜಗಲಿಯೂ ಈ ಶಾಸ್ತ್ರಕ್ಕೆ ಜಾಗವೇ ಅಂತ ಹುಡುಗರಿಗೆ ಮೊದಲು ಅನ್ನಿಸಬೇಕು.

ಬೀಗರೂಟದ ಕಥೆಗೆ ಈ ಶಾಸ್ತ್ರದಲ್ಲಿ ಒಂದು ಹೆಸರಿದೆ, ಪ್ಲುರಲಿಸ್ಟಿಕ್ ಇಗ್ನೊರೆನ್ಸ್. 1931ರಲ್ಲಿ ಕಾಟ್ಸ್ ಮತ್ತು ಆಲ್‌ಪೋರ್ಟ್ ಬಳಕೆಗೆ ತಂದದ್ದು. ಒಳಗೊಳಗೆ ಬಹಳ ಜನಕ್ಕೆ ಒಂದು ಪದ್ಧತಿ ಬೇಡ. ಆದರೆ ಪ್ರತಿಯೊಬ್ಬರೂ ಬೇರೆ ಎಲ್ಲರಿಗೂ ಅದು ಬೇಕು ಅಂದುಕೊಂಡು ತಾವೂ ಪಾಲಿಸುತ್ತಾರೆ. ಅದನ್ನು ನೋಡಿ ಪಕ್ಕದವರ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. 1993ರಲ್ಲಿ ಪ್ರೆಂಟಿಸ್ ಮತ್ತು ಮಿಲ್ಲರ್ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕುಡಿತದ ವಿಷಯದಲ್ಲಿ ಇದನ್ನೇ ತೋರಿಸಿದರು. ತಮಗಿಂತ ಉಳಿದವರಿಗೆ ಕುಡಿತ ಜಾಸ್ತಿ ಒಪ್ಪಿಗೆ ಇದೆ ಅಂತ ವಿದ್ಯಾರ್ಥಿಗಳು ಅಂದುಕೊಂಡಿದ್ದರು. 2020ರಲ್ಲಿ ಸೌದಿ ಅರೇಬಿಯಾದಿಂದ ಬಂದ ಅಧ್ಯಯನ ನನಗೆ ಇನ್ನೂ ಹತ್ತಿರವಾದದ್ದು. ಮದುವೆಯಾದ ಯುವಕರಲ್ಲಿ ಬಹುಪಾಲು ಜನಕ್ಕೆ ಹೆಂಗಸರು ಹೊರಗೆ ದುಡಿಯೋದು ಒಪ್ಪಿಗೆಯೇ, ಆದರೆ ಬೇರೆ ಗಂಡಸರು ಒಪ್ಪಲ್ಲ ಅನ್ನೋ ಲೆಕ್ಕಾಚಾರ. ನಿಜ ಏನು ಅಂತ ತಿಳಿಸಿದ ಮೇಲೆ ಹೆಂಡತಿಯನ್ನು ಕೆಲಸ ಹುಡುಕುವ ಸೇವೆಗೆ ಸೇರಿಸಲು ಮುಂದೆ ಬಂದವರು ಜಾಸ್ತಿಯಾದರು. ಇದನ್ನು ಓದಿದಾಗ ನನ್ನ ತಲೆಯಲ್ಲಿ ಬಂದಿದ್ದು ನಮ್ಮ ಶಾಮಿಯಾನ.

ಅಳೆಯಬೇಕಾದದ್ದು ಎರಡೇ. ಒಬ್ಬರ ಸ್ವಂತ ಮನಸ್ಸು ಒಂದು, ಉಳಿದವರ ಮನಸ್ಸಿನ ಬಗ್ಗೆ ಅವರ ಊಹೆ ಇನ್ನೊಂದು. ಕೇಳೋಕೆ ಸುಲಭ ಅಲ್ವಾ? ಹಳ್ಳಿಗೆ ಹೋಗಿ ಕೂತರೆ ಗೊತ್ತಾಗುತ್ತದೆ.

ಮೊದಲ ಕಷ್ಟ, ಒಬ್ಬರನ್ನೇ ಕೂರಿಸಿ ಮಾತಾಡಿಸೋದು ಸಾಧ್ಯವೇ ಇಲ್ಲ. ಜಗಲಿ ಮೇಲೆ ಕೂತು ಪ್ರಶ್ನೆ ಶುರು ಮಾಡೋದೇ ತಡ, ಪಕ್ಕದ ಮನೆಯವರು ಬರ್ತಾರೆ, ಡೈರಿಗೆ ಹಾಲು ಹಾಕಿ ಬರುವವರು ಕ್ಯಾನ್ ಹಿಡಿದುಕೊಂಡೇ ನಿಲ್ತಾರೆ, ಯಜಮಾನರನ್ನು ಕೇಳಿದ ಪ್ರಶ್ನೆಗೆ ಅವರ ದೊಡ್ಡಪ್ಪ ಉತ್ತರ ಕೊಡ್ತಾರೆ. ಎಲ್ಲರ ಎದುರು ಕೇಳಿದರೆ "ಬೀಗರೂಟ ಅಂದಮೇಲೆ ಗಟ್ಟಿಯಾಗಿ ಮಾಡಬೇಕು ಸ್ವಾಮಿ" ಅನ್ನೋ ಉತ್ತರವೇ ಬರುತ್ತದೆ. ಸಾಲೊಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದ ಹೇಳಿಸಿದ ಪ್ರಯೋಗ ನೆನಪಿಸಿಕೊಳ್ಳಿ. ಸುತ್ತ ಕೂತವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ನಾಲ್ವರಲ್ಲಿ ಮೂವರು ಒಂದು ಸಲವಾದರೂ ಆ ತಪ್ಪಿಗೆ ದನಿಗೂಡಿಸಿದರು. ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗ ಅದು ತುಂಬಾ ಇಳಿಯಿತು. ಗೆರೆ ಉದ್ದದ ವಿಷಯಕ್ಕೇ ಹೀಗಾದರೆ, ಮನೆ ಮರ್ಯಾದೆಯ ವಿಷಯಕ್ಕೆ?

ಅದಕ್ಕೆ ಗುಂಪನ್ನು ಓಡಿಸುವ ಪ್ರಯತ್ನ ಬಿಟ್ಟು ಮತದಾನದ ದಾರಿ ಹಿಡಿದೆ. ಪ್ರತಿಯೊಬ್ಬರಿಗೂ ಎರಡು ಚೀಟಿ. ಒಂದರಲ್ಲಿ ದೊಡ್ಡ ಶಾಮಿಯಾನದ ಚಿತ್ರ, ಇನ್ನೊಂದರಲ್ಲಿ ಮನೆ ಅಂಗಳದಲ್ಲಿ ಸಣ್ಣ ಪಂಕ್ತಿ. ಓದು ಬರಹ ಬಾರದವರಿಗೂ ತೊಂದರೆ ಇಲ್ಲ. ನಡುಮನೆಗೆ ಹೋಗಿ, ನಿಮ್ಮ ಮನಸ್ಸಿಗೆ ಸರಿ ಅನ್ನಿಸಿದ ಚೀಟಿ ಮಡಚಿ ರಟ್ಟಿನ ಡಬ್ಬಕ್ಕೆ ಹಾಕಿ, ಇನ್ನೊಂದನ್ನು ಒಲೆಗೆ ಹಾಕಿ. ಡಬ್ಬ ತೆರೆಯೋದು ಊರಿನ ಕೆಲಸ ಪೂರ್ತಿ ಮುಗಿದ ಮೇಲೆ. ಇದಕ್ಕೆ ಒಂದು ಬೆಲೆ ಕೊಡಬೇಕಾಗುತ್ತದೆ. ಯಾರು ಯಾವ ಚೀಟಿ ಹಾಕಿದರು ಅಂತ ನನಗೂ ಗೊತ್ತಾಗಲ್ಲ, ಹಾಗಾಗಿ ವಯಸ್ಸು, ಓದು, ಜಮೀನು ನೋಡಿ ಬೇರೆ ಬೇರೆ ಮಾಡೋಕೆ ಆಗಲ್ಲ. ಇಡೀ ಊರಿನ ಲೆಕ್ಕ ಮಾತ್ರ ಸಿಗುತ್ತದೆ. ಚೀಟಿ ಹಿಂದೆ ಗುಟ್ಟಾಗಿ ನಂಬರ್ ಹಾಕಬಹುದಲ್ವಾ ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ಖಂಡಿತ ಬೇಡ ಅಂದೆ. ಗುಟ್ಟು ಅಂತ ಮಾತು ಕೊಟ್ಟರೆ ಅದು ಗುಟ್ಟಾಗಿಯೇ ಇರಬೇಕು. ಒಪ್ಪಿಗೆಯನ್ನೂ ಬಾಯಿಮಾತಿನಲ್ಲೇ ಕೇಳಿದೆವು. ಕಾಗದ ಮುಂದಿಟ್ಟು ಸಹಿ ಹಾಕಿ ಅಂದರೆ ಜಮೀನು ವಿಷಯನೋ ಸಾಲದ ವಿಷಯನೋ ಅಂತ ಜನ ಹೆದರುತ್ತಾರೆ.

ಎರಡನೇ ಕಷ್ಟ ಊಹೆ ಅಳೆಯೋದು. ಪುಸ್ತಕದ ದಾರಿ ಅಂದರೆ 1932ರಲ್ಲಿ ಲೈಕರ್ಟ್ ಕೊಟ್ಟ ಮಾಪಕ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ಹೀಗೆ ಐದು ಮೆಟ್ಟಿಲು. ಪೂರ್ವ ಪರೀಕ್ಷೆಯಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಹೇಳಿಕೆ ಬೇಕೆಂದೇ ಸೇರಿಸಿದ್ದೆವು. ಎಷ್ಟೋ ಹಿರಿಯರು ಎರಡಕ್ಕೂ "ಹೂಂ, ಸರಿ" ಅಂದರು. ಮನೆಗೆ ಬಂದ ಮೇಷ್ಟ್ರ ಮಾತಿಗೆ ಇಲ್ಲ ಅನ್ನಬಾರದು ಅನ್ನೋ ಮರ್ಯಾದೆ ಅದು. ಅದನ್ನು ಅಭಿಪ್ರಾಯ ಅಂತ ಬರೆದುಕೊಂಡರೆ ಅಧ್ಯಯನ ಅಲ್ಲಿಗೇ ಕೆಟ್ಟಿತು. ಅದಕ್ಕೆ ಹತ್ತು ಹುಣಸೆ ಬೀಜ, ಎರಡು ತಟ್ಟೆ ಇಟ್ಟೆವು. "ಈ ಊರಿನ ಹತ್ತು ಮನೆ ಅಂದುಕೊಳ್ಳಿ. ಗುಟ್ಟಾಗಿ ಕೇಳಿದರೆ ಎಷ್ಟು ಮನೆಯವರು ಸಣ್ಣ ಊಟ ಸಾಕು ಅನ್ನಬಹುದು? ಅಷ್ಟು ಬೀಜ ಈ ತಟ್ಟೆಗೆ ಹಾಕಿ." ಕೈ ಕೆಲಸ ಮಾಡುವಾಗ ಜನ ಯೋಚನೆ ಮಾಡುತ್ತಾರೆ. ನಾಲ್ಕು ಹಾಕಿ, ಸ್ವಲ್ಪ ತಡೆದು, ಒಂದನ್ನು ವಾಪಸ್ ತೆಗೆದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಐದು ಮೆಟ್ಟಿಲ ಮಾಪಕದಲ್ಲಿ ಇಂಥ ತಡವರಿಕೆ ಕಾಣಿಸೋದೇ ಇಲ್ಲ.

ಚೀಟಿ ಮೊದಲೋ ಬೀಜ ಮೊದಲೋ? ಬೀಜ ಮೊದಲು ಕೇಳಿದರೆ, ತಮ್ಮ ಊಹೆಗೆ ಹೊಂದಿಸಿಕೊಂಡು ಚೀಟಿ ಹಾಕುವ ಸಾಧ್ಯತೆ ಇರುತ್ತದೆ. ಅದಕ್ಕೆ ಪ್ರತಿ ಮನೆ ಬಾಗಿಲಲ್ಲಿ ನಾಣ್ಯ ಚಿಮ್ಮಿ ತೀರ್ಮಾನ ಮಾಡಿದೆವು. ಮನೆಗಳನ್ನೂ ಮತದಾರರ ಪಟ್ಟಿಯಿಂದ ಯಾದೃಚ್ಛಿಕವಾಗಿ ಆರಿಸಿದೆವು, ಇಲ್ಲದಿದ್ದರೆ ಪರಿಚಯದವರ ಬೀದಿ ಬಿಟ್ಟು ಆಚೆ ಹೋಗೋದೇ ಇಲ್ಲ. ಆಷಾಢದಲ್ಲಿ ಹೋದದ್ದೂ ಲೆಕ್ಕ ಹಾಕಿಯೇ, ಆಗ ಯಾರ ಮನೆಯಲ್ಲೂ ಮದುವೆ ಓಡಾಟ ಇರಲ್ಲ.

ಇನ್ನೊಂದು ಅನುಮಾನ ನನ್ನನ್ನು ತುಂಬಾ ಕಾಡಿತ್ತು. ಕಾಲೇಜಿನಿಂದ ಬಂದವರಿಗೆ ದುಂದುವೆಚ್ಚ ಬೇಡ ಅನ್ನೋ ಉತ್ತರವೇ ಇಷ್ಟ ಅಂತ ಜನ ಅಂದುಕೊಂಡರೆ? ಗುಟ್ಟಿನ ಡಬ್ಬದಲ್ಲೂ ನಮ್ಮನ್ನು ಮೆಚ್ಚಿಸಲು ಅಂಗಳದ ಚೀಟಿಯೇ ಬಿದ್ದರೆ? ಅದಕ್ಕೆ ಊರಹಬ್ಬದ ಬಾಡೂಟದ ಬಗ್ಗೆಯೂ ಅದೇ ಥರದ ಚೀಟಿ, ಅದೇ ಥರದ ಬೀಜ ಇಟ್ಟೆವು. ಬರೀ ಮೆಚ್ಚಿಸುವ ಉತ್ತರವಾದರೆ ಅಲ್ಲೂ ಸಣ್ಣದೇ ಬರಬೇಕು. ಬರಲಿಲ್ಲ. ಊರಹಬ್ಬಕ್ಕೆ ಜನ ಮನಸಾರೆ ದೊಡ್ಡ ಊಟವೇ ಬೇಕು ಅಂದರು, ಪಕ್ಕದವರದೂ ಹಾಗೇ ಅಂತ ಸರಿಯಾಗಿಯೇ ಊಹಿಸಿದರು. ಬೀಗರೂಟದಲ್ಲಿ ಮಾತ್ರ ಬೀಜಕ್ಕೂ ಡಬ್ಬಕ್ಕೂ ತಾಳೆ ಆಗಲಿಲ್ಲ. ನಾವು ಹೋದ ಎಲ್ಲ ಊರಲ್ಲೂ ಜನ ಊಹಿಸಿದ್ದಕ್ಕಿಂತ ಜಾಸ್ತಿ ಅಂಗಳದ ಚೀಟಿ ಬಿದ್ದಿತ್ತು. ಏನನ್ನು ನಿರೀಕ್ಷಿಸುತ್ತೇವೆ, ಹೇಗೆ ಲೆಕ್ಕ ಮಾಡುತ್ತೇವೆ ಅನ್ನೋದನ್ನು ಊರಿಗೆ ಹೋಗುವ ಮೊದಲೇ ಬರೆದು ಸಹೋದ್ಯೋಗಿಯೊಬ್ಬರ ಕೈಲಿ ಕೊಟ್ಟಿದ್ದೆ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಶೇ. 36ರಷ್ಟರಲ್ಲಿ ಮಾತ್ರ ಎದ್ದುಕಾಣುವ ಫಲಿತಾಂಶ ಮತ್ತೆ ಬಂದಿತ್ತು. ಅದಾದ ಮೇಲೆ ಇದನ್ನು ಮಾಡದೆ ಹೊರಡೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ಚೀಟಿ ಅನ್ನೋದು ಮಾತಿನ ಇನ್ನೊಂದು ರೂಪ. 1934ರಲ್ಲಿ ಲಾಪಿಯರ್ ಬರೆದ ಪ್ರಸಂಗ ನಮ್ಮಲ್ಲಿ ಎಲ್ಲರೂ ಓದಿರುತ್ತಾರೆ. ಚೀನಾದ ದಂಪತಿಯ ಜೊತೆ ಅಮೆರಿಕ ಸುತ್ತಿ 251 ಹೋಟೆಲು, ವಸತಿಗೃಹಗಳಿಗೆ ಹೋದರು. ಒಂದೇ ಒಂದು ಕಡೆ ಬಾಗಿಲು ಮುಚ್ಚಿತು. ಆಮೇಲೆ ಪತ್ರ ಬರೆದು ಕೇಳಿದರೆ, ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಚೀನೀಯರನ್ನು ಸೇರಿಸಲ್ಲ ಅಂದರು. ಹೇಳೋದು ಒಂದು, ಮಾಡೋದು ಒಂದು. ಹಾಗಾಗಿ ಬಾಡೂಟದ ಅಡುಗೆಯವರನ್ನು ಮಾತಾಡಿಸಿದೆ. ಎಷ್ಟು ಎಲೆಗೆ ಒಪ್ಪಿಕೊಂಡರು, ಕೊನೆಗೆ ಎಷ್ಟು ಎಲೆ ಬಿತ್ತು, ಎಲ್ಲ ಅವರ ನೆನಪಲ್ಲಿರುತ್ತದೆ. ಕೆಲವು ಮನೆಯವರು ಮುಯ್ಯಿ ಪುಸ್ತಕವನ್ನೂ (ಮದುವೆಗೆ ಬಂದವರು ಏನು ಕೊಟ್ಟರು ಅಂತ ಬರೆದಿಡುವ ಪುಸ್ತಕ) ತೋರಿಸಿದರು. ಹೆಸರು ಬಿಟ್ಟು ಸಾಲುಗಳನ್ನು ಮಾತ್ರ ಎಣಿಸಿಕೊಂಡೆ.

ನನ್ನ ಯೋಚನೆ ಬದಲಾಯಿಸಿದ್ದು ಆ ಪುಸ್ತಕ. ಮಳವಳ್ಳಿ ಕಡೆಯ ಒಬ್ಬ ಅಜ್ಜಿ ಪುಟ ತಿರುಗಿಸುತ್ತಾ ಹೇಳಿದರು: "ಇವರೆಲ್ಲರ ಮನೇಲಿ ನಾವು ಉಂಡಿದ್ದೀವಪ್ಪ. ಈಗ ಅಂಗಳದಲ್ಲಿ ನಾಲ್ಕು ಎಲೆ ಹಾಕಿದರೆ ಯಾರನ್ನ ಕರೀಲಿ, ಯಾರನ್ನ ಬಿಡಲಿ?" ಇದು ಊಹೆಯ ತಪ್ಪಲ್ಲ. ಇದು ಋಣ. ಪ್ರಿನ್ಸ್‌ಟನ್ ವಿದ್ಯಾರ್ಥಿಗೆ ಉಳಿದವರ ಮನಸ್ಸು ಗೊತ್ತಾದರೆ ಸಾಕು, ಸುಮ್ನೆ ಲೋಟ ಕೆಳಗಿಡಬಹುದು. ಈ ಅಜ್ಜಿಗೆ ಇಡೀ ಊರಿನ ಮನಸ್ಸು ತಿಳಿಸಿ ಹೇಳಿದರೂ, ಒಬ್ಬರೇ ಬಿಡೋಕೆ ಆಗಲ್ಲ. ಬಿಟ್ಟರೆ ಎಲ್ಲರೂ ಒಟ್ಟಿಗೆ ಬಿಡಬೇಕು. ಅದಕ್ಕೇ ಕೊನೆಯ ಊರುಗಳಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಸೇರಿಸಿದೆವು: ಊರವರೆಲ್ಲ ಸೇರಿ ಇಷ್ಟೇ ಎಲೆ ಅಂತ ಕಟ್ಟು ಮಾಡಿದರೆ ನೀವು ಒಪ್ಪುತ್ತೀರಾ? ಒಬ್ಬರೇ ಬಿಡೋಕೆ ಆಗಲ್ಲ ಅಂದಿದ್ದವರಲ್ಲಿ ಬಹಳ ಜನ ಇದಕ್ಕೆ ತಕ್ಷಣ ಹೂಂ ಅಂದರು. ಹೆಂಗಸರು ಇನ್ನೂ ಬೇಗ.

ಎರಡನೇ ಮಹಾಯುದ್ಧದ ಕಾಲದಲ್ಲಿ ಕರ್ಟ್ ಲೆವಿನ್ ಅಮೆರಿಕದ ಗೃಹಿಣಿಯರಿಗೆ ಕುರಿ, ದನಗಳ ಒಳಭಾಗದ ಮಾಂಸ ಬಳಸುವಂತೆ ಒಪ್ಪಿಸುವ ಪ್ರಯೋಗ ಮಾಡಿದ್ದರು. ಉಪನ್ಯಾಸ ಕೇಳಿ ಹೋದವರಲ್ಲಿ ಶೇ. 3 ಜನ ಅದನ್ನು ಅಡುಗೆ ಮಾಡಿದರೆ, ಗುಂಪಾಗಿ ಕೂತು ಚರ್ಚಿಸಿ ಕೈ ಎತ್ತಿ ನಿರ್ಧರಿಸಿದವರಲ್ಲಿ ಶೇ. 32 ಜನ ಮಾಡಿದರು. ಬೋಟಿ ಗೊಜ್ಜಿನ ಊರಲ್ಲಿ ಈ ಪಾಠ ಮಾಡುವಾಗ ಹುಡುಗರಿಗೆ ಇದಕ್ಕೂ ಒಪ್ಪಿಸಬೇಕಾ ಅಂತ ಆಶ್ಚರ್ಯ. ನಮಗೆ ಬೇಕಾದದ್ದು ಲೆವಿನ್ ಹಿಡಿದ ದಾರಿ. ಮುಂದಿನ ಆಷಾಢಕ್ಕೆ ಎರಡು ಥರದ ಊರು ಆರಿಸುತ್ತಿದ್ದೇವೆ. ಒಂದು ಕಡೆ ಡಬ್ಬದ ಲೆಕ್ಕವನ್ನು ಮನೆಮನೆಗೆ ಹೋಗಿ ಹೇಳಿ ಬರುತ್ತೇವೆ. ಇನ್ನೊಂದು ಕಡೆ ಸ್ತ್ರೀಶಕ್ತಿ ಸಂಘದ ಸಭೆಯಲ್ಲೇ ಡಬ್ಬ ತೆರೆದು, ಎಲ್ಲರ ಕಣ್ಣೆದುರು ಚೀಟಿ ಎಣಿಸಿ, ಮುಂದಿನ ಮಾತನ್ನು ಅವರಿಗೇ ಬಿಡುತ್ತೇವೆ. ಆಮೇಲೆ ಬರುವ ಮದುವೆಗಳಲ್ಲಿ ಎಷ್ಟು ಎಲೆ ಬಿತ್ತು ಅಂತ ಬರೆದಿಡಲು ಅಡುಗೆಯವರು ಈಗಲೇ ಒಪ್ಪಿದ್ದಾರೆ.