ಪದೇ ಪದೇ ಕಫ ಕಟ್ಟೋ ಮಗುಗೆ ಊಟ ಹೆಂಗೆ ಮಾಡಿಸ್ತೀರ? - ನನ್ನ ಅನುಭವ

ನಾನು ಸ್ಪೀಚ್ ಥೆರಪಿಸ್ಟ್, ಕೆಲಸ ಮಾಡೋದು ಚಿಕ್ಕಬಳ್ಳಾಪುರ ಜಿಲ್ಲೇಲಿ, ಜಾಸ್ತಿ ಶಿಡ್ಲಘಟ್ಟ ಚಿಂತಾಮಣಿ ಕಡೆ ಹಳ್ಳಿಗಳಲ್ಲಿ. ಸೆರೆಬ್ರಲ್ ಪಾಲ್ಸಿ, ಅಂದ್ರೆ ಮೆದುಳಿನ ತೊಂದರೆಯಿಂದ ಮೈ ಸ್ನಾಯುಗಳು ಹತೋಟಿಗೆ ಸಿಗದಿರೋ ಸಮಸ್ಯೆ ಇರೋ ಮಕ್ಕಳನ್ನ ಕರ್ಕೊಂಡು ಬಂದು "ಮೇಡಂ ಇವ್ನು ಅಮ್ಮ ಅಂತಾನೂ ಅನ್ನಲ್ಲ, ಮಾತು ಕಲಿಸಿ" ಅಂತಾರೆ. ಮಾತಿನ ವಿಷಯ ಆಮೇಲೆ, ಮೊದಲು ನಾನು ಕೇಳೋದು ಎರಡೇ: ಊಟ ಹೆಂಗೆ ಮಾಡಿಸ್ತೀರ, ನ್ಯುಮೋನಿಯಾ ಅಂತ ಎಷ್ಟು ಸಲ ಅಡ್ಮಿಟ್ ಆಗಿದೆ. ಈ ಎರಡಕ್ಕೂ ಸಂಬಂಧ ಇದೆ ಅಂತ ಎಷ್ಟೋ ಮನೆಯವರಿಗೆ ಯಾರೂ ಹೇಳಿರೋದೇ ಇಲ್ಲ. ಚಳಿಗೆ ಕಫ ಆಯ್ತು, ಬಾಳೆಹಣ್ಣು ಕೊಟ್ಟಿದ್ದಕ್ಕೆ ಆಯ್ತು ಅಂದ್ಕೊಂಡಿರ್ತಾರೆ, ಇಂಜೆಕ್ಷನ್ ಹಾಕಿಸ್ತಾರೆ, ವಾಸಿ ಆಗುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಗೊರಗೊರ.

ನಾವು ನುಂಗುವಾಗ ಗಂಟಲಲ್ಲಿ ಉಸಿರಿನ ದಾರಿ ಒಂದು ಕ್ಷಣ ಮುಚ್ಕೊಳ್ಳುತ್ತೆ, ಆಗ ಊಟ ಅನ್ನನಾಳಕ್ಕೆ ಇಳಿಯುತ್ತೆ. ಈ ಮಕ್ಕಳಲ್ಲಿ ನಾಲಿಗೆ, ತುಟಿ, ಗಂಟಲಿನ ಸ್ನಾಯುಗಳು ಒಂದಕ್ಕೊಂದು ಹೊಂದ್ಕೊಂಡು ಕೆಲಸ ಮಾಡಲ್ಲ, ಮುಚ್ಚೋದು ತಡ ಆಗುತ್ತೆ, ಅಷ್ಟರಲ್ಲಿ ಹಾಲೋ ನೀರೋ ಶ್ವಾಸನಾಳಕ್ಕೆ ಜಾರಿರುತ್ತೆ. ನಮಗೆ ನೆತ್ತಿಗೆ ಹತ್ತಿದ್ರೆ ಕೆಮ್ಮಿ ಕೆಮ್ಮಿ ಆಚೆ ಹಾಕ್ತೀವಿ. ಇವರಲ್ಲಿ ತುಂಬಾ ಮಕ್ಕಳಿಗೆ ಆ ಕೆಮ್ಮೇ ಬರಲ್ಲ, ನನಗೆ ಜಾಸ್ತಿ ಭಯ ಇರೋದು ಇಂಥ ಮಕ್ಕಳ ಬಗ್ಗೆನೇ, ಯಾಕಂದ್ರೆ "ಕೆಮ್ಮೋದಿಲ್ಲ ಮೇಡಂ, ಚೆನ್ನಾಗೇ ಕುಡಿಯುತ್ತೆ" ಅಂತ ಮನೆಯವರು ನಿಶ್ಚಿಂತೆಯಿಂದ ಇರ್ತಾರೆ. ನಾನು ನೋಡೋದು ಬೇರೆ ಗುರುತು: ಕುಡಿಸಿದ ಮೇಲೆ ಅಳುವಿನ ದನಿ ನೀರು ತುಂಬ್ಕೊಂಡ ಹಾಗೆ ಕೇಳುತ್ತಾ, ಕಣ್ಣಲ್ಲಿ ನೀರು ಬರುತ್ತಾ, ಮುಖ ಕೆಂಪಾಗುತ್ತಾ, ಊಟದ ಮಧ್ಯೆ ಉಸಿರು ಜೋರಾಗುತ್ತಾ, ಕಾರಣ ಇಲ್ಲದೆ ಪದೇ ಪದೇ ಜ್ವರ ಬರುತ್ತಾ. ಹಳೇ ಎಕ್ಸ್‌ರೇ ಇದ್ರೆ ಅದನ್ನೂ ತರೋಕೆ ಹೇಳ್ತೀನಿ. ಬಲಗಡೆ ಶ್ವಾಸನಾಳ ಅಗಲ, ನೆಟ್ಟಗೂ ಇರೋದ್ರಿಂದ ಒಳಗೆ ಹೋದದ್ದು ಬಲ ಶ್ವಾಸಕೋಶಕ್ಕೆ ಇಳಿಯೋದು ಜಾಸ್ತಿ, ಹಾಗಾಗಿ ಡಾಕ್ಟ್ರು ಪ್ರತಿ ಸಲವೂ ಬಲಗಡೆನೇ ನ್ಯುಮೋನಿಯಾ ಅಂತ ಬರೆದಿದ್ರೆ ನನಗೆ ಅನುಮಾನ ಬರುತ್ತೆ.

ಶಿಡ್ಲಘಟ್ಟದ ಹತ್ರ ಒಂದು ಹಳ್ಳೀಲಿ ನಾಲ್ಕು ವರ್ಷದ ಹುಡುಗಿ, ರೇಷ್ಮೆ ಹುಳ ಸಾಕೋ ಮನೆ. ಹುಳ ಹಣ್ಣಾಗೋ ಟೈಮಲ್ಲಿ ಅಮ್ಮಂಗೆ ಉಸಿರಾಡೋಕೂ ಪುರುಸೊತ್ತಿರಲ್ಲ, ಹಂಗಾಗಿ ಊಟ ಅಜ್ಜಿದು. ಅಜ್ಜಿ ಕಾಲು ನೀಡ್ಕೊಂಡು, ಕಾಲ ಮೇಲೆ ಮಗುನ ಅಂಗಾತ ಮಲಗಿಸ್ಕೊಂಡು, ಒಳಲೇಲಿ ರಾಗಿ ಸರಿ ಹುಯ್ಯೋರು, ಬಾಯಿ ಮುಚ್ಕೊಂಡ್ರೆ ಮೂಗು ಹಿಡಿಯೋರು. ಆ ಅಜ್ಜಿನ ನಾನು ಬೈಲಿಲ್ಲ. ತನ್ನ ಮಕ್ಕಳನ್ನೆಲ್ಲ ಹಂಗೇ ಬೆಳೆಸಿದ್ದಾರೆ, ಈ ಮಗುಗೆ ಹೊಟ್ಟೆ ತುಂಬಿಸ್ಬೇಕು ಅನ್ನೋ ಪ್ರೀತಿ ಬಿಟ್ಟು ಅಲ್ಲಿ ಬೇರೆ ಏನೂ ಇಲ್ಲ. "ಕೂರಿಸ್ಕೊಂಡು ಕುಡಿಸಿದ್ರೆ ಎಲ್ಲಾ ಆಚೆಗೇ ಬತ್ತದಲ್ಲಮ್ಮ" ಅಂದ್ರು. "ಅಜ್ಜಿ, ಆಚೆ ಬಂದಿದ್ದು ಬಟ್ಟೆ ಮೇಲೆ ಬೀಳುತ್ತೆ, ಮಲಗಿಸಿ ಹುಯ್ದಿದ್ದು ಎದೆಗೆ ಹೋಗುತ್ತೆ" ಅಂದೆ. ನಂಬಲಿಲ್ಲ. ಆಮೇಲೆ ಅವರನ್ನೇ ಗೋಡೆಗೆ ಒರಗಿಸಿ, ತಲೆ ಪೂರ್ತಿ ಮೇಲಕ್ಕೆ ಎತ್ತಿ, ಬರೀ ಎಂಜಲು ನುಂಗಿ ನೋಡಿ ಅಜ್ಜಿ ಅಂದೆ. ಒಂದು ಸಲ ಪ್ರಯತ್ನ ಪಟ್ರು, ಸುಮ್ನಾದ್ರು, ಮೊಮ್ಮಗಳ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ ಕೂರಿಸಿದ್ರು. ಅವತ್ತಿಂದ ಇವತ್ತಿನವರೆಗೂ ಎಲ್ಲಾ ಮನೇಲೂ ನಾನು ಇದನ್ನ ಮಾಡಿಸ್ತೀನಿ.

ಕೂರಿಸೋದು ಅಂದ್ರೆ ಸುಮ್ನೆ ಕೂರಿಸೋದಲ್ಲ. ಸೊಂಟ ಮಡಚಿರಬೇಕು, ಪಾದ ನೇತಾಡಬಾರದು, ಕೆಳಗೆ ಮಣೆ ಕೊಡಿ, ತಲೆ ಮಧ್ಯದಲ್ಲಿ, ಗದ್ದ ಚೂರು ಎದೆ ಕಡೆ ಬಗ್ಗಿರಬೇಕು. ಆ ಮನೇಲಿ ಗೋಡೆ ಮೂಲೆನೇ ಕುರ್ಚಿ ಮಾಡ್ಕೊಂಡ್ವಿ, ಎರಡೂ ಪಕ್ಕ ಸುತ್ತಿದ ಹಳೇ ಸೀರೆ, ಆಮೇಲೆ ಊರಿನ ಬಡಗಿ ಹತ್ರ ಮುಂದೆ ಹಲಗೆ ಇರೋ ಕುರ್ಚಿ ಮಾಡಿಸಿದ್ರು. ಊಟ ಮಾಡಿಸೋರು ಎದುರಿಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ಕೂತ್ಕೋಬೇಕು, ನಿಂತ್ಕೊಂಡು ತಿನ್ನಿಸಿದ್ರೆ ಮಗು ತಲೆ ಎತ್ತಿಬಿಡುತ್ತೆ. ಚಪ್ಪಟೆ ಚಿಕ್ಕ ಚಮಚ, ಅರ್ಧ ಚಮಚ ಹಾಕಿ ಗಂಟಲು ಏರಿಳಿಯೋದು ಕಣ್ಣಲ್ಲಿ ನೋಡಿದ ಮೇಲೆ ಮಾತ್ರ ಇನ್ನೊಂದು. ಅರ್ಧ ಗಂಟೆ ದಾಟಿದ್ರೆ ಮಗು ಸುಸ್ತಾಗುತ್ತೆ, ಸುಸ್ತಾದ ಮಗು ಸರಿಯಾಗಿ ನುಂಗಲ್ಲ, ಅಲ್ಲಿಗೆ ನಿಲ್ಸಿ ಮತ್ತೆ ಸ್ವಲ್ಪ ಹೊತ್ತಾದ ಮೇಲೆ ಕೊಡಿ. ಊಟ ಆದ ತಕ್ಷಣ ಮಲಗಿಸಬಾರದು, ಅರ್ಧ ಗಂಟೆ ಕೂತಿರಲಿ, ಹೊಟ್ಟೇಲಿರೋದು ವಾಪಸ್ ಗಂಟಲಿಗೆ ಬಂದು ಎದೆಗೆ ಇಳಿಯೋದೂ ಇದೆ. ಫಿಟ್ಸ್ ಮಾತ್ರೆ ಮಂಪರಲ್ಲಿರೋವಾಗ ಏನೂ ಕೊಡಬೇಡಿ.

ಇನ್ನು ಹದ, ನಾನು ಎಲ್ಲಕ್ಕಿಂತ ಜಾಸ್ತಿ ತಲೆ ಕೆಡಿಸ್ಕೊಂಡಿರೋದು ಇದರ ಮೇಲೆ. ನೀರು, ಹಾಲು, ತಿಳಿ ಸಾರು ಬೇಗ ಓಡುತ್ತೆ, ಈ ಮಕ್ಕಳ ಗಂಟಲಿಗೆ ಅಷ್ಟು ಬೇಗ ಮುಚ್ಕೊಳ್ಳೋಕೆ ಆಗಲ್ಲ. ಗಟ್ಟಿ ಮಾಡಿದ್ರೆ ನಿಧಾನಕ್ಕೆ ಇಳಿಯುತ್ತೆ, ಆದ್ರೆ ತೀರಾ ಗಟ್ಟಿ ಆದ್ರೆ ಗಂಟಲಲ್ಲೇ ಅಂಟ್ಕೊಂಡು ಉಳಿಯುತ್ತೆ. ಅಳೆಯೋಕೆ ನಾನು ಹತ್ತು ಎಂಎಲ್ ಸಿರಿಂಜ್ ಇಟ್ಕೊಂಡಿರ್ತೀನಿ, ಸೊನ್ನೆಯಿಂದ ಹತ್ತರ ಗೆರೆವರೆಗೆ 61.5 ಮಿಲಿಮೀಟರ್ ಇರೋದೇ ಆಗಬೇಕು, ಸೂಜಿನೂ ಹಿಂದಿನ ದಂಡನೂ ತೆಗೆದು, ತುದಿಗೆ ಬೆರಳಿಟ್ಟು ಹತ್ತರವರೆಗೆ ಗಂಜಿ ತುಂಬಿ, ಬೆರಳು ತೆಗೆದು ಹತ್ತು ಸೆಕೆಂಡ್ ಬಿಟ್ಟು ನೋಡೋದು. ಒಂದು ಎಂಎಲ್‌ಗಿಂತ ಕಮ್ಮಿ ಉಳಿದ್ರೆ ಅದು ನೀರಿನ ಲೆಕ್ಕ, ನಾಲ್ಕರಿಂದ ಎಂಟು ಉಳಿದ್ರೆ ಸ್ವಲ್ಪ ಗಟ್ಟಿ. ಯಾವ ಮಗುಗೆ ಯಾವ ಹದ ಅನ್ನೋದನ್ನ ಪರೀಕ್ಷೆ ಮಾಡಿದವರೇ ಹೇಳಬೇಕು, ಅಮ್ಮ ಪ್ರತಿ ಸಲ ಅದೇ ಹದ ತರೋಕೆ ಈ ಸಿರಿಂಜ್ ಸಾಕು.

ರಾಗಿ ವಿಷಯದಲ್ಲಿ ಒಂದು ಗಮನಿಸಿ. ಮೊಳಕೆ ಕಟ್ಟಿ ಮಾಡಿದ ರಾಗಿ ಹಿಟ್ಟು ಪುಷ್ಟಿಗೆ ಒಳ್ಳೇದು ಅಂತ ಎಲ್ಲರೂ ಮಾಡ್ತಾರೆ, ಒಳ್ಳೇದೇ, ಆದ್ರೆ ಮೊಳಕೇಲಿ ಹುಟ್ಟೋ ಕಿಣ್ವ ಹಿಟ್ಟಿನ ಪಿಷ್ಟನ ಒಡೆಯುತ್ತೆ, ಅಷ್ಟೇ ಹಿಟ್ಟು ಹಾಕಿದ್ರೂ ಗಂಜಿ ತೆಳ್ಳಗೇ ಉಳಿಯುತ್ತೆ. ಈ ಮಕ್ಕಳಿಗೆ ಮೊಳಕೆ ಕಟ್ಟದ ಹಿಟ್ಟಿಂದ ಹದ ಸರಿಯಾಗಿ ಬರುತ್ತೆ. ಎಂಜಲಲ್ಲೂ ಅಂಥದ್ದೇ ಕಿಣ್ವ ಇದೆ, ಬಾಯಿಗೆ ಹೋದ ಚಮಚ ಬಟ್ಟಲಿಗೆ ಅದ್ದಿ ಅದ್ದಿ ಕೊಟ್ರೆ ಕೊನೆಗೆ ಉಳಿದ ಗಂಜಿ ನೀರಾಗಿರುತ್ತೆ, ಅದಕ್ಕೇ ಸ್ವಲ್ಪ ಸ್ವಲ್ಪನೇ ಬೇರೆ ಬಟ್ಟಲಿಗೆ ಹಾಕ್ಕೊಳ್ಳಿ. ಮುದ್ದೆ ಸಾರು ಕೊಡೋರು ಸಾರಲ್ಲಿ ತುಣುಕು ತೇಲಿಸಿ ಕೊಡಬೇಡಿ, ನೀರು ಒಂದು ಕಡೆ ಗಟ್ಟಿ ಒಂದು ಕಡೆ ಆದ್ರೆ ಇವರಿಗೆ ಅತಿ ಕಷ್ಟ, ಗಂಟಿಲ್ಲದ ಹಾಗೆ ಒಂದೇ ಸಮ ಕಿವುಚಿ. ಆರು ತಿಂಗಳೊಳಗಿನ ಕೂಸಿಗೂ, ತಿಂಗಳು ತುಂಬದೆ ಹುಟ್ಟಿದ ಕೂಸಿಗೂ ಹಾಲಿಗೆ ಏನನ್ನೂ ಬೆರೆಸಿ ಗಟ್ಟಿ ಮಾಡೋ ಕೆಲಸ ಡಾಕ್ಟ್ರನ್ನ ಕೇಳದೆ ಬೇಡವೇ ಬೇಡ.

ಹರಳೆಣ್ಣೆ ಕುಡಿಸೋದು, ಮೂಗಿಗೆ ಎಣ್ಣೆ ಬಿಡೋದು ಇವೆರಡನ್ನ ಕೈ ಮುಗಿದು ಬಿಡಿಸ್ತೀನಿ. ಎಣ್ಣೆ ಒಳಗೆ ಹೋದ್ರೂ ಕೆಮ್ಮು ಬರಿಸಲ್ಲ, ಶ್ವಾಸಕೋಶದಲ್ಲೇ ಕೂತು ಬೇರೆ ಥರದ ನ್ಯುಮೋನಿಯಾ ಮಾಡುತ್ತೆ, ಅದು ಆಂಟಿಬಯಾಟಿಕ್‌ಗೆ ಬಗ್ಗಲ್ಲ. ಹಲ್ಲುಜ್ಜೋದು ಮಾತ್ರ ಎರಡೂ ಹೊತ್ತು ಆಗಲೇಬೇಕು, ಯಾಕಂದ್ರೆ ಜೊಲ್ಲೂ ಎದೆಗೆ ಹೋಗುತ್ತೆ, ಬಾಯಿ ಗಲೀಜಾಗಿದ್ರೆ ಜೊಲ್ಲಿನ ಜೊತೆ ಕ್ರಿಮಿನೂ ಹೋಗುತ್ತೆ.

ಉಸಿರು ಎಣಿಸೋದನ್ನ ಪ್ರತಿ ಅಮ್ಮಂಗೂ ಕಲಿಸ್ತೀನಿ. ಮಗು ಅಳದೆ ಇರೋವಾಗ ಪೂರ್ತಿ ಒಂದು ನಿಮಿಷ, ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದವರಿಗೆ 40 ಮುಟ್ಟಿದ್ರೆ ಅವತ್ತೇ ಆಸ್ಪತ್ರೆ. ಪಕ್ಕೆ ಒಳಗೆ ಎಳೀತಿದ್ರೆ, ತುಟಿ ನೀಲಿ ಆದ್ರೆ ಎಣಿಸ್ತಾನೂ ಕೂರಬೇಡಿ, 108 ಕರೀರಿ.

ಮನೇಲಿ ಇಷ್ಟೆಲ್ಲಾ ಮಾಡಿದ್ರೂ ಎದೆ ತುಂಬ್ತಾನೇ ಇದ್ರೆ, ತೂಕ ಇಳೀತಿದ್ರೆ, ಹೊರಗಿಂದ ನೋಡಿ ಹೇಳೋದಕ್ಕೆ ಒಂದು ಮಿತಿ ಇದೆ. ಎಕ್ಸ್‌ರೇಲಿ ಕಾಣೋ ಬೇರಿಯಂ ಅನ್ನೋ ಪುಡಿ ಬೆರೆಸಿದ ಊಟ ಕೊಟ್ಟು, ನುಂಗೋದನ್ನ ಎಕ್ಸ್‌ರೇ ವಿಡಿಯೋದಲ್ಲಿ ನೋಡೋ ಪರೀಕ್ಷೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಮಾಡ್ತಾರೆ, ಸದ್ದಿಲ್ಲದೆ ಒಳಗೆ ಹೋಗೋದು ಅದರಲ್ಲಿ ಕಾಣುತ್ತೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೇಲೂ ನುಂಗೋ ತೊಂದರೆ ನೋಡ್ತಾರೆ. ಶಿಡ್ಲಘಟ್ಟದ ಹತ್ರದ ಆ ಹುಡುಗಿಗೆ ಊಟ ಕೊಡೋಕೆ ಟ್ಯೂಬ್ ಬೇಕಾಗಲಿಲ್ಲ, ಮಳೆಗಾಲ ಚಳಿಗಾಲ ಎರಡೂ ಅಡ್ಮಿಟ್ ಆಗದೆ ಕಳೀತು. ಚಿಂತಾಮಣಿ ಕಡೆಯ ಇನ್ನೊಂದು ಹುಡುಗನಿಗೆ ಹೊಟ್ಟೆಗೇ ಟ್ಯೂಬ್ ಹಾಕಬೇಕಾಯ್ತು, ಅವರಮ್ಮ ಸೋತೋದೆ ಅಂತ ತುಂಬಾ ಅತ್ರು. ಸೋಲಲ್ಲ ಅದು, ಮಗುಗೆ ಊಟ, ನೀರು, ಮಾತ್ರೆ ಎಲ್ಲಾ ಸರಿಯಾಗಿ ಹೋಗೋ ದಾರಿ. ಟ್ಯೂಬ್ ಇದ್ರೂ ಅವನನ್ನ ಒರಗಿಸಿ ಕೂರಿಸಿಯೇ ಕೊಡ್ತಾರೆ, ಹಲ್ಲೂ ಉಜ್ಜುತ್ತಾರೆ, ಡಾಕ್ಟ್ರು ಒಪ್ಪಿದ ಮೇಲೆ ರುಚಿಗೆ ಅಂತ ನಾಲಿಗೆಗೆ ಚೂರೇ ಚೂರು ಬೆಲ್ಲದ ಪಾಕ ಸವರ್ತಾರೆ.